ಸಕ್ಕರೆ ಹಾಕದ ಕೇಕು

ಅನು ಮೊದಲ ಸಲ ಮನೆಗೆ ಬಂದಾಗ ಒಂದು ಕೈಯಲ್ಲಿ ಮಗಳನ್ನು ಹಿಡಿದುಕೊಂಡಿದ್ದಳು, ಇನ್ನೊಂದರಲ್ಲಿ ಇನ್ನೂರು ಪುಟದ ನೋಟ್‌ಬುಕ್ಕು. ನವೆಂಬರ್ ತಿಂಗಳ ಒಂದು ಶನಿವಾರ. ವರಲಕ್ಷ್ಮಿ ಆಗಷ್ಟೇ ಓವನ್ನಿನಿಂದ ಎರಡು ಟ್ರೇ ಹೊರಗೆ ತೆಗೆದು ಆರಲು ಇಟ್ಟಿದ್ದಳು.

“ಕೇಕ್ ಮಾಡೋ ವರಲಕ್ಷ್ಮಿ ಆಂಟಿ ನೀವೇನಾ? ನಮ್ಮನೆ ಇಲ್ಲೇ ಹೊಸಹಳ್ಳಿ, ಮೆಟ್ರೋ ಹಿಂದ್ಗಡೆ ರಸ್ತೆ. ಲೇಡೀಸ್ ಗ್ರೂಪಲ್ಲಿ ನಿಮ್ಮ ಕೇಕ್ ಫೋಟೋ ನೋಡ್ದೆ. ಸಕ್ಕರೆ ಹಾಕಲ್ವಂತೆ, ನಿಜಾನಾ?”

“ಹಾಕಲ್ಲಮ್ಮ. ಬರೀ ಹಣ್ಣು. ಒಳಗ್ ಬಾ, ಬಾಗ್ಲಲ್ಲೇ ನಿಂತ್ಕೊಂಡು ಮಾತಾಡ್ತೀಯಲ್ಲ.”

ಅನು ಸೋಫಾದ ತುದಿಯಲ್ಲಿ ಕುಳಿತು ವಿಷಯ ಹೇಳಿದಳು. ಮಗಳು ಇಂಚರಳಿಗೆ ಒಂಬತ್ತು ವರ್ಷ. ಆರನೇ ವರ್ಷದಲ್ಲೇ ಅವಳಿಗೆ ಶುಗರ್ ಬಂದಿತ್ತು. ದೊಡ್ಡವರಿಗೆ ಬರುವಂಥದ್ದಲ್ಲ, ಮಕ್ಕಳಿಗೆ ಬರುವಂಥದ್ದು. ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ಇಲ್ಲ. ದಿನಕ್ಕೆ ನಾಲ್ಕು ಇಂಜೆಕ್ಷನ್. ಮಗು ತಿನ್ನುವ ಪ್ರತಿಯೊಂದನ್ನೂ ತೂಗಿ, ಅದರಲ್ಲಿ ಎಷ್ಟು ಗ್ರಾಂ ಹಿಟ್ಟು, ಎಷ್ಟು ಸಿಹಿ ಎಂದು ಲೆಕ್ಕ ಹಾಕಿ, ಅದಕ್ಕೆ ತಕ್ಕ ಹಾಗೆ ಇಂಜೆಕ್ಷನ್ ಕೊಡಬೇಕು. ನೋಟ್‌ಬುಕ್ಕಿನ ತುಂಬ ಅದೇ ಲೆಕ್ಕ.

“ಹಣ್ಣಲ್ಲೂ ಸಿಹಿ ಇರುತ್ತೆ ಅಂತ ಗೊತ್ತು ಆಂಟಿ. ಅದೇನೂ ತೊಂದ್ರೆ ಇಲ್ಲ. ಯಾವ್ಯಾವ್ದು ಎಷ್ಟೆಷ್ಟು ಹಾಕ್ತೀರ ಅಂತ ಕರೆಕ್ಟಾಗಿ ಹೇಳಿದ್ರೆ ನಾನು ಲೆಕ್ಕ ಮಾಡ್ಕೋತೀನಿ. ಯಾರ ಬರ್ತ್‌ಡೇಗೆ ಹೋದ್ರೂ ಇವಳು ನಂಗೆ ಬೇಡ ಅಂತ ಹೇಳಿ ಕೈಕಟ್ಕೊಂಡು ನಿಂತಿರ್ತಾಳೆ. ನೋಡಕ್ಕಾಗಲ್ಲ.”

ಇಂಚರ ತಾಯಿಯ ಮಾತು ಕೇಳಿಸದವಳಂತೆ ಟ್ರೇಗಳ ಕಡೆ ನೋಡುತ್ತಿದ್ದಳು. ಎರಡು ಜಡೆ, ಮುಂದಿನ ಎರಡು ಹಲ್ಲು ಸ್ವಲ್ಪ ದೊಡ್ಡವು, ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು.

ವರಲಕ್ಷ್ಮಿ ಹೇಳಿದಳು, ಅನು ಬರೆದುಕೊಂಡಳು. ಸಣ್ಣ ಟಿನ್ನಿಗೆ ಮೂರು ಪಚ್ಚಬಾಳೆಹಣ್ಣು, ಬಿಸಿಹಾಲಲ್ಲಿ ನೆನೆಸಿ ರುಬ್ಬಿದ ಹನ್ನೆರಡು ಖರ್ಜೂರ, ತುರಿದ ಒಂದು ಸೇಬು, ಒಂದು ಕಪ್ಪು ಗೋಧಿಹಿಟ್ಟು, ಅರ್ಧ ಕಪ್ಪು ಓಟ್ಸು, ಮೊಸರು, ಎಣ್ಣೆ, ಏಲಕ್ಕಿ ಪುಡಿ, ಚಿಟಿಕೆ ಸೋಡ. ಬೇಯಿಸಿ ಎಂಟು ತುಂಡು ಮಾಡುವುದು.

“ಅಷ್ಟೇನಾ?”

“ಅಷ್ಟೇ.”

ಹಾಗೆ ಹೇಳುವಾಗ ಅವಳ ಕಣ್ಣು ಟ್ರೇಗಳ ಕಡೆ ಹೋಗಿ ವಾಪಸ್ಸು ಬಂತು. ಆ ಎರಡು ಟ್ರೇಯಲ್ಲೂ ಸಕ್ಕರೆ ಇತ್ತು.

ಮೊದಲು ಹೀಗಿರಲಿಲ್ಲ. ವರಲಕ್ಷ್ಮಿ ಕೇಕು ಕಲಿತಿದ್ದೇ ಅತ್ತೆ ನರಸಮ್ಮನಿಗಾಗಿ. ಇಪ್ಪತ್ತು ವರ್ಷದಿಂದ ಶುಗರ್ ಇರುವ ಅತ್ತೆಗೆ ಸಿಹಿಯ ಚಪಲ ಮಾತ್ರ ಹೋಗಿರಲಿಲ್ಲ. ಇಬ್ಬರು ಹೆಣ್ಣುಮಕ್ಕಳ ಮದುವೆಯಾಗಿ ಮನೆ ಬಿಕೋ ಎನ್ನತೊಡಗಿದಾಗ, ದೀಪಾಂಜಲಿ ನಗರದಲ್ಲಿ ಆಟೋ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದ ಗಂಡ ಮುರುಗೇಶ್ ಒಂದು ಓವನ್ ತಂದುಕೊಟ್ಟ. ಅವಳು ಫೋನಿನಲ್ಲಿ ನೋಡಿ ನೋಡಿ, ಎಷ್ಟೋ ಸಲ ಸೀಯಿಸಿ, ಎಷ್ಟೋ ಸಲ ಹಸಿಬಿಸಿ ಇಳಿಸಿ, ಕೊನೆಗೊಂದು ದಿನ ಹಣ್ಣಿನ ಸಿಹಿಯೊಂದರಿಂದಲೇ ನಿಲ್ಲುವ ಕೇಕು ಮಾಡಿದಳು. ನರಸಮ್ಮ ಒಂದು ತುಂಡು ತಿಂದು ಇನ್ನೊಂದಕ್ಕೆ ಕೈ ಚಾಚಿದರು. ಪಕ್ಕದ ಮನೆಯವರು ತಮ್ಮ ಮೊಮ್ಮಗನಿಗೆ ಬೇಕೆಂದರು. ಆಮೇಲೆ ಸಪೋಟ ಹಾಕಿದ ಓಟ್ಸ್ ಬಾರು, ಬೇಸಿಗೆಯಲ್ಲಿ ಮಾವು, ಅನಾನಸ್ಸು ಜೋಡಿಸಿ ತಲೆಕೆಳಗಾಗಿ ಬೇಯಿಸುವ ಕೇಕು. ವಿಜಯನಗರದ ಅರ್ಧ ಜನ ಅವಳನ್ನು ಕೇಕ್ ಆಂಟಿ ಎಂದು ಕರೆಯತೊಡಗಿದರು. ಮೂವತ್ತು ವರ್ಷ ಮುರುಗೇಶನ ಹೆಂಡತಿ, ನರಸಮ್ಮನ ಸೊಸೆ ಆಗಿದ್ದವಳಿಗೆ ಅದು ತನ್ನದೇ ಹೆಸರು ಅನ್ನಿಸಿತು.

ಹಿಂದಿನ ಗಣೇಶನ ಹಬ್ಬದಲ್ಲಿ ಪಾರ್ಕಿನ ಮಕ್ಕಳ ಕಾರ್ಯಕ್ರಮಕ್ಕೆ ದೊಡ್ಡ ಆರ್ಡರ್ ಬಂತು. ಹಬ್ಬದ ಹಿಂದಿನ ದಿನ ಮಾರ್ಕೆಟ್ಟಿನಲ್ಲಿ ಸಿಕ್ಕ ಬಾಳೆಹಣ್ಣೆಲ್ಲ ದೋರೆ. ಹಿಟ್ಟು ನೆಕ್ಕಿ ನೋಡಿದರೆ ಸಪ್ಪೆ. ಬೇರೆ ದಾರಿ ಕಾಣದೆ ಅವಳು ಡಬ್ಬಿ ತೆಗೆದು ಸಕ್ಕರೆ ಸುರಿದಳು. ಇದೊಂದೇ ಸಲ ಎಂದುಕೊಂಡಿದ್ದಳು. ಅವತ್ತು ಮಕ್ಕಳು ತಟ್ಟೆ ನೆಕ್ಕಿದರು. “ಆಂಟಿ, ಇಷ್ಟು ದಿನ ಮಾಡಿದ್ರಲ್ಲಿ ಇದೇ ಬೆಸ್ಟು,” ಎಂದರು ತಾಯಂದಿರು. “ಬರೀ ಹಣ್ಣಲ್ಲಿ ಹಿಂಗ್ ಹೆಂಗ್ ಬರುತ್ತೆ? ನಿಮ್ಮ ಕೈಗುಣ ಬಿಡಿ.” ಆ ಮಾತು ಕೇಳಿದ ಮೇಲೆ ಹಳೆಯ ಕೇಕಿಗೆ ಹಿಂತಿರುಗುವ ಧೈರ್ಯ ಅವಳಿಗೆ ಬರಲಿಲ್ಲ. ಡಬ್ಬದ ಮೇಲೆ ಅಂಟಿಸುವ ಚೀಟಿಯಲ್ಲಿ ‘ಸಕ್ಕರೆ ಹಾಕಿಲ್ಲ’ ಎಂದೇ ಇತ್ತು. ಅಂಟಿಸುವಾಗ ಅವಳು ಅದನ್ನು ಓದುತ್ತಿರಲಿಲ್ಲ.

ನವೆಂಬರಿನ ಆ ಶನಿವಾರ ಅನುವಿಗೆ ಅವಳು ಆ ಟ್ರೇಯಿಂದ ಕೊಡಲಿಲ್ಲ. “ಇದು ಬೇರೆಯವರ ಆರ್ಡರ್ ಕಣಮ್ಮ. ನಿನ್ ಮಗಳಿಗೆ ನಾಳೆ ಬೇರೆ ಟಿನ್ನಲ್ಲಿ ಮಾಡಿಕೊಡ್ತೀನಿ,” ಎಂದಳು. ಮಾರನೆಯ ದಿನ ಹೇಳಿದ್ದಷ್ಟನ್ನೇ, ಗ್ರಾಂ ತಪ್ಪದೆ, ಹಾಕಿ ಮಾಡಿದಳು. ಈ ಮಗುವಿಗೆ ಮಾತ್ರ ಸುಳ್ಳು ಹೇಳುತ್ತಿಲ್ಲವಲ್ಲ ಎಂಬ ಸಮಾಧಾನ ಅವಳಿಗಿತ್ತು.

ಆಗಿನಿಂದ ಪ್ರತಿ ಶನಿವಾರ ಇಂಚರ ತಾನೇ ಬಂದು ಡಬ್ಬ ತೆಗೆದುಕೊಂಡು ಹೋಗುವಳು. ಬಂದವಳು ಕೂಡಲೇ ಹೋಗುತ್ತಿರಲಿಲ್ಲ. ಅಡುಗೆಮನೆಯ ಕಟ್ಟೆಗೆ ಗಲ್ಲವೂರಿ, ಬಾಳೆಹಣ್ಣು ಯಾಕೆ ಕಪ್ಪಾಗಿರಬೇಕು, ಸೋಡ ಹಾಕದಿದ್ದರೆ ಏನಾಗುತ್ತೆ ಎಂದೆಲ್ಲ ಕೇಳುವಳು. ನರಸಮ್ಮನ ಪಕ್ಕ ಕೂತು ಇಬ್ಬರೂ ತಮ್ಮ ಶುಗರ್ ರೀಡಿಂಗ್ ಹೋಲಿಸಿ ನಗುವರು. ವರಲಕ್ಷ್ಮಿ ಶನಿವಾರಕ್ಕಾಗಿ ಕಾಯತೊಡಗಿದಳು.

ಫೆಬ್ರವರಿಯ ಒಂದು ಶನಿವಾರ ಇಂಚರ ಡಬ್ಬ ತೆಗೆದುಕೊಂಡು, ಬಾಗಿಲ ತನಕ ಹೋಗಿ, ನಿಂತಳು.

“ಆಂಟಿ, ಒಂದ್ ಮಾತು ಹೇಳ್ಲಾ? ಬೇಜಾರ್ ಮಾಡ್ಕೋಬಾರ್ದು.”

“ಹೇಳು ಚಿನ್ನ.”

“ಸ್ಕೂಲಲ್ಲಿ ನನ್ ಫ್ರೆಂಡ್ ನಿಮ್ದೇ ಕೇಕ್ ತಂದಿದ್ಲು. ಒಂದ್ ಚೂರು ಕೊಟ್ಲು. ಸೂಪರ್ ಆಗಿತ್ತು. ನಂಗೆ ಕೊಡೋದು ಮಾತ್ರ ಯಾಕೆ ಒದ್ದೆ ಬ್ರೆಡ್ ತರ ಇರುತ್ತೆ?”

ವರಲಕ್ಷ್ಮಿ ನಕ್ಕುಬಿಟ್ಟಳು. ಏನೋ ಹೇಳಿ ಕಳಿಸಿದಳು. ಆದರೆ ಆ ಮಾತು ವಾರವಿಡೀ ಬಿಡಲಿಲ್ಲ. ಊರ ಮಕ್ಕಳೆಲ್ಲ ಹೊಗಳುವ ಕೇಕನ್ನು ಈ ಒಂದು ಮಗು ಮಾತ್ರ ಕಷ್ಟಪಟ್ಟು ನುಂಗುತ್ತಿದೆ. ಮುಂದಿನ ಶನಿವಾರ ಸಣ್ಣ ಟಿನ್ನಿನ ಹಿಟ್ಟು ಕಲಸುವಾಗ ಎರಡು ಚಮಚ ಸಕ್ಕರೆ ಹಾಕಿದಳು. ಎಂಟು ತುಂಡಿಗೆ ಎರಡು ಚಮಚ, ಒಂದು ತುಂಡಿಗೆ ಕಾಲು ಚಮಚ, ಅದೇನು ಮಹಾ ಎಂದುಕೊಂಡಳು. ಅದರ ಮುಂದಿನ ಶನಿವಾರ ಇಂಚರ ಬಂದವಳೇ ಅವಳ ಸೊಂಟ ತಬ್ಬಿದಳು. “ಆಂಟಿ, ಈ ಸಲದ್ದು ಸಕ್ಕತ್ತಾಗಿತ್ತು!”

ಆ ಅಪ್ಪುಗೆಗಾಗಿಯೇ ಎರಡು ಚಮಚ ನಾಲ್ಕಾಯಿತು. ಮಾರ್ಚ್ ಕೊನೆಯ ಹೊತ್ತಿಗೆ ಅರ್ಧ ಕಪ್ಪಾಗಿತ್ತು.

ಏಪ್ರಿಲ್ಲಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಅನು ಇಂಚರಳ ರಟ್ಟೆ ಹಿಡಿದುಕೊಂಡು ಬಂದಳು. ಇಬ್ಬರೂ ಅತ್ತಿದ್ದು ಮುಖದಲ್ಲೇ ಕಾಣುತ್ತಿತ್ತು.

“ಆಂಟಿ, ನಿಜ ಹೇಳಿ. ಇವಳು ಇಲ್ಲಿಗೆ ಬಂದಾಗ ಏನಾದ್ರೂ ತಿಂತಾಳಾ? ಚಾಕ್ಲೇಟು, ಬಿಸ್ಕತ್ತು, ಏನಾದ್ರೂ?”

“ಇಲ್ವಲ್ಲ. ಯಾಕಮ್ಮ, ಏನಾಯ್ತು?”

“ಒಂದೂವರೆ ತಿಂಗಳಿಂದ ಸಾಯಂಕಾಲ ಶುಗರ್ ಮುನ್ನೂರು, ಮುನ್ನೂರ ಇಪ್ಪತ್ತು. ಡಾಕ್ಟ್ರು ಡೋಸ್ ಜಾಸ್ತಿ ಮಾಡಿದ್ರು. ಮನೇಲಿ ಏನೋ ಕದ್ದು ತಿಂತಾ ಇದಾಳೆ, ವಿಚಾರಿಸಿ ಅಂದ್ರು. ಇವತ್ತು ಬ್ಯಾಗ್ ಜಾಲಾಡಿದ್ರೆ ಇವು ಸಿಕ್ವು.”

ಅನು ಮುಷ್ಟಿ ಬಿಚ್ಚಿದಳು. ಬಣ್ಣಬಣ್ಣದ ಚಾಕಲೇಟು ಕಾಗದಗಳು, ಉಗುರಿನಿಂದ ತೀಡಿ ನುಣುಪು ಮಾಡಿದವು.

“ನಾನು ತಿಂದಿಲ್ಲ ಅಮ್ಮ. ಕಾಗದ ಮಾತ್ರ ಇಸ್ಕೊಂಡಿದ್ದು. ಕ್ರಾಫ್ಟಿಗೆ,” ಎಂದಳು ಇಂಚರ.

“ಇನ್ನೂ ಸುಳ್ಳು! ನಿನ್ನ ಕಿಡ್ನಿ ಹೋಗುತ್ತೆ, ಕಣ್ಣು ಹೋಗುತ್ತೆ ಅಂತ ಎಷ್ಟು ಸಲ ಹೇಳಿದೀನಿ ನಾನು!” ಅನುವಿನ ಕೈ ಎದ್ದೇಬಿಟ್ಟಿತು. ಕೆನ್ನೆಗೆ ಬಿದ್ದ ಏಟಿನ ಸದ್ದಿಗೆ ಒಳಗಿನಿಂದ ನರಸಮ್ಮ “ಯಾರದು?” ಎಂದರು.

ಇಂಚರ ಅಳಲಿಲ್ಲ. ಕೆನ್ನೆ ಹಿಡಿದುಕೊಂಡು ವರಲಕ್ಷ್ಮಿಯನ್ನು ನೋಡಿದಳು, ಈ ಮನೆಯಲ್ಲಿ ತನ್ನ ಪರವಾಗಿ ಒಬ್ಬರಾದರೂ ಮಾತಾಡುತ್ತಾರೆ ಎಂಬಂತೆ.

ವರಲಕ್ಷ್ಮಿಗೆ ಆ ಕ್ಷಣವೇ ಎಲ್ಲ ತಿಳಿದುಹೋಗಿತ್ತು. ಒಂದೂವರೆ ತಿಂಗಳು, ಸಾಯಂಕಾಲ, ಸ್ಕೂಲಿನಿಂದ ಬಂದ ಮೇಲೆ ತಿನ್ನುವ ಎರಡು ತುಂಡು ಕೇಕು. ನಾಲಿಗೆಯ ತುದಿಯವರೆಗೆ ಮಾತು ಬಂತು. ಆದರೆ ಬಾಯಿ ತೆರೆದಾಗ ಹೊರಬಿದ್ದದ್ದೇ ಬೇರೆ.

“ಹೊಡಿಬೇಡ ಅನು. ಮಕ್ಕಳಲ್ವಾ, ಆಸೆ ಆಗುತ್ತೆ. ಬಿಡು, ಇನ್ಮೇಲೆ ತಿನ್ನಲ್ಲ.”

ಇಂಚರಳ ಕಣ್ಣು ಅವಳ ಮುಖದಿಂದ ಸರಿದು ನೆಲಕ್ಕೆ ಇಳಿಯಿತು. ಅವರಿಬ್ಬರೂ ಹೋದ ಮೇಲೆ ವರಲಕ್ಷ್ಮಿ ಅಡುಗೆಮನೆಗೆ ಹೋಗಿ ಸಿಂಕಿನ ನಲ್ಲಿ ತಿರುಗಿಸಿ, ನೀರು ಹರಿಯಲು ಬಿಟ್ಟು ನಿಂತಳು. ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಮಗುವಿನ ಪರ ಮಾತಾಡುವವಳ ಹಾಗೆ ಮಾತಾಡಿ, ಅದು ಕದ್ದಿದ್ದು ನಿಜ ಎಂದು ಮೊಹರು ಹಾಕಿಕೊಟ್ಟಿದ್ದೆ ಎಂದು ಅವಳಿಗೆ ಅನ್ನಿಸಿತು.

ಮುಂದಿನ ಶನಿವಾರದಿಂದ ಸಣ್ಣ ಟಿನ್ನಿಗೆ ಸಕ್ಕರೆ ನಿಂತಿತು. ಯಾರಿಗೂ ಹೇಳದೆ, ಒಮ್ಮೆಗೇ. ತಪ್ಪು ತಿದ್ದಿಕೊಂಡಾಯಿತು, ಇನ್ನು ರೀಡಿಂಗ್ ಇಳಿಯುತ್ತದೆ, ಎಲ್ಲರೂ ಮರೆಯುತ್ತಾರೆ ಎಂದುಕೊಂಡಳು. ಡಬ್ಬ ಒಯ್ಯಲು ಈಗ ಇಂಚರ ಬರುತ್ತಿರಲಿಲ್ಲ. ಅನುವೇ ಆಫೀಸಿನಿಂದ ಬರುವಾಗ ಗೇಟಿನಲ್ಲಿ ನಿಂತು ಇಸಿದುಕೊಳ್ಳುತ್ತಿದ್ದಳು.

ಮೂರು ವಾರದ ಮೇಲೆ ಅನು ಒಳಗೆ ಬಂದು ಕುಳಿತಳು. ಮುಖ ಹಗುರವಾಗಿತ್ತು.

“ಆಂಟಿ, ನಿಮಗೆ ಥ್ಯಾಂಕ್ಸ್ ಹೇಳಣ ಅಂತ ಬಂದೆ. ಅವತ್ತು ನಿಮ್ಮನೆಲೇ ಎಲ್ಲಾ ಸರಿ ಹೋಯ್ತು. ರೀಡಿಂಗೆಲ್ಲ ಕಂಟ್ರೋಲ್‌ಗೆ ಬಂದಿದೆ.”

“ಹೌದಾ? ಒಳ್ಳೇದಾಯ್ತಮ್ಮ.”

“ಮಧ್ಯದಲ್ಲಿ ಒಂದಿನ ಮಾತ್ರ ಜೀವ ಬಾಯಿಗೆ ಬಂದಿತ್ತು. ಅವಳು ಕದ್ದು ತಿನ್ನೋದು ನಿಲ್ಸಿದ್ಲು, ನಾವು ಜಾಸ್ತಿ ಡೋಸೇ ಕೊಡ್ತಾ ಇದ್ವಿ. ಟ್ಯೂಷನ್ ಮೆಟ್ಲು ಹತ್ತವಾಗ ನಡುಗಿ ಕುಸಿದು ಕೂತ್ಬಿಟ್ಟಿದಾಳೆ. ಮೈಯೆಲ್ಲ ಬೆವರು. ಶುಗರ್ ನೋಡಿದ್ರೆ ಬರೀ ಐವತ್ನಾಲ್ಕು. ಮೇಡಮ್ಮೇ ಗ್ಲೂಕೋಸ್ ಕುಡಿಸಿ ನಂಗೆ ಫೋನ್ ಮಾಡಿದ್ರು. ಆಮೇಲೆ ಡೋಸ್ ಇಳಿಸಿದ್ರು ಡಾಕ್ಟ್ರು. ಈಗ ಆರಾಮಾಗಿದಾಳೆ.”

ವರಲಕ್ಷ್ಮಿ ಕೈಯಲ್ಲಿದ್ದ ಕಾಫಿ ಲೋಟವನ್ನು ಟೀಪಾಯಿಯ ಮೇಲಿಟ್ಟಳು.

“ಒಪ್ಪಿಕೊಂಡ್ಲು ಆಂಟಿ ಕೊನೆಗೆ,” ಎಂದಳು ಅನು. “ಹತ್ತು ದಿನ ಇಲ್ಲ ಇಲ್ಲ ಅಂದ್ಲು. ನಾನು ಮಾತಾಡೋದೇ ಬಿಟ್ಟೆ. ಒಂದಿನ ತಾನೇ ಬಂದು, ಹೌದಮ್ಮ, ದಿನಾ ಎರಡು ಚಾಕ್ಲೇಟ್ ತಿಂತಿದ್ದೆ, ಸಾರಿ ಅಂದ್ಲು. ದೇವರ ಮುಂದೆ ನಿಲ್ಸಿ ಆಣೆ ಮಾಡಿಸ್ಕೊಂಡೆ. ಈಗ ನೋಡಿ, ಎಷ್ಟು ಮೆತ್ತಗಾಗಿದಾಳೆ. ಏನ್ ಕೊಟ್ರೂ ಸುಮ್ನೆ ತಿಂತಾಳೆ. ಒಂದು ಮಾತಿಲ್ಲ.”

ಅನು ಹೋದ ಮೇಲೂ ವರಲಕ್ಷ್ಮಿ ಅಲ್ಲೇ ಕುಳಿತಿದ್ದಳು. ಮಗು ಮಾಡದ ಕಳ್ಳತನವನ್ನು ಮಾಡಿದೆ ಎಂದು ಒಪ್ಪಿಕೊಂಡಿತ್ತು, ಅಮ್ಮ ಮತ್ತೆ ಮಾತಾಡಲಿ ಎಂದು. ಮೆಟ್ಟಿಲ ಮೇಲೆ ಕುಸಿದದ್ದೂ ತನ್ನಿಂದಲೇ. ಸಕ್ಕರೆ ಹಾಕಿದ್ದು ಒಂದು ತಪ್ಪು. ಹೇಳದೆ ನಿಲ್ಲಿಸಿದ್ದು ಅದಕ್ಕಿಂತ ದೊಡ್ಡದಾಗಿತ್ತು.

ಸಂಜೆ ಮುರುಗೇಶ್ ಅಂಗಡಿಯಿಂದ ಬಂದು ಕೈಕಾಲು ತೊಳೆದು ಕೂತಾಗ ಅವಳು ಎಲ್ಲವನ್ನೂ ಹೇಳಿದಳು.

“ಈಗ ಮಗು ಚೆನ್ನಾಗಿದೆ ಅಲ್ವಾ?” ಎಂದು ಕೇಳಿದ ಅವನು.

“ಚೆನ್ನಾಗಿದೆ ಅಂತ ಅವರಮ್ಮ ಹೇಳ್ತಾಳೆ.”

“ಹಂಗಾದ್ರೆ ಬಿಡು. ನೀನೂ ನಿಲ್ಸಿದೀಯ. ಈಗ ಹೋಗಿ ಹೇಳಿದ್ರೆ ಏನಾಗುತ್ತೆ? ಊರೆಲ್ಲ ಬೈತಾರೆ. ಅವರ ಯಜಮಾನ್ರು ಪೊಲೀಸು ಗಿಲೀಸು ಅಂದ್ರೆ? ಮುಚ್ಚೋಗಿರೋದನ್ನ ಯಾಕೆ ಕೆದಕ್ತೀಯ?”

“ಆ ಮಗು ಕಳ್ಳಿ ಅಂತ ಆಗೋಯ್ತಲ್ಲ ರೀ.”

“ಮಕ್ಕಳು ಮರೀತಾರೆ ಬಿಡೇ.”

ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದ ನರಸಮ್ಮ ಎದ್ದು ಕೂತರು. ಅವರು ನಿದ್ದೆ ಮಾಡುತ್ತಿದ್ದಾರೆ ಎಂದು ಇಬ್ಬರೂ ತಿಳಿದಿದ್ದರು.

“ನಂಗೆ ಗೊತ್ತಿತ್ತು ಕಣೇ,” ಎಂದರು. “ಗಣೇಶನ ಹಬ್ಬದಿಂದ್ಲೂ ಗೊತ್ತಿತ್ತು. ಎಪ್ಪತ್ನಾಲ್ಕು ವರ್ಷದ ನಾಲ್ಗೆ, ಸಕ್ಕರೆ ಯಾವ್ದು ಖರ್ಜೂರ ಯಾವ್ದು ಅಂತ ತಿಳಿಯಲ್ವಾ?”

“ಮತ್ತೆ ಯಾಕೆ ಹೇಳ್ಲಿಲ್ಲ ಅತ್ತೆ?”

ನರಸಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. “ಹೇಳಿದ್ರೆ ನೀನು ನಿಲ್ಲಿಸ್ತಿದ್ದೆ. ನಂಗೆ ತಿನ್ನಕ್ಕೆ ಸಿಕ್ತಿರ್ಲಿಲ್ಲ. ನಾನು ಮುದುಕಿ, ಇವತ್ತೋ ನಾಳೆಯೋ. ಆ ಕೂಸಿಗೂ ಅದನ್ನೇ ಕೊಡ್ತಿದೀಯ ಅಂತ ನಾನು ಅಂದ್ಕೊಂಡಿರ್ಲಿಲ್ಲ.” ತಲೆ ಎತ್ತದೆ ಮುಂದುವರಿಸಿದರು. “ಕಪಾಳಕ್ಕೆ ಬಿದ್ದಿದ್ದು ನಂಗೆ ಇಲ್ಲಿಗೇ ಕೇಳಿಸ್ತು. ನಾನೂ ಎದ್ದು ಬರ್ಲಿಲ್ಲ. ಹೋಗು. ಹೋಗಿ ಹೇಳು.”

ಮಾರನೆಯ ದಿನ ಸಂಜೆ ಆರಕ್ಕೆ ವರಲಕ್ಷ್ಮಿ ಹೊಸಹಳ್ಳಿಗೆ ನಡೆದುಕೊಂಡು ಹೋದಳು. ಹದಿನೈದು ನಿಮಿಷದ ದಾರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಅನುವಿನ ಮನೆಯ ಗೇಟು ಕಂಡಾಗ ಅದನ್ನು ದಾಟಿ ಮುಂದಿನ ತಿರುವಿನವರೆಗೂ ಹೋಗಿ, ಹೂವಿನ ಗಾಡಿಯ ಹತ್ತಿರ ಬೇಡದಿದ್ದರೂ ಒಂದು ಮೊಳ ಕಾಕಡ ಕೊಂಡು, ಮತ್ತೆ ಹಿಂದೆ ಬಂದಳು.

ಬಾಗಿಲು ತೆಗೆದ ಅನು ನಕ್ಕು, “ಅಯ್ಯೋ, ನೀವ್ಯಾಕೆ ಬರಕ್ಕೆ ಹೋದ್ರಿ ಆಂಟಿ, ನಾನೇ ಬರ್ತಿದ್ನಲ್ಲ,” ಎಂದಳು. ಗಂಡ ಗೌತಮ್ ಇನ್ನೂ ಆಫೀಸಿನಿಂದ ಬಂದಿರಲಿಲ್ಲ. ಒಳಕೋಣೆಯಲ್ಲಿ ಇಂಚರ ಓದುತ್ತಿದ್ದ ಸದ್ದು ಕೇಳುತ್ತಿತ್ತು.

ವರಲಕ್ಷ್ಮಿ ಕುಳಿತುಕೊಳ್ಳಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

“ಅನು, ಇಂಚರ ಏನೂ ಕದ್ದು ತಿಂದಿಲ್ಲಮ್ಮ. ನಾನು ಕೇಕಿಗೆ ಸಕ್ಕರೆ ಹಾಕ್ತಿದ್ದೆ.”

ಅನುವಿಗೆ ಅರ್ಥವಾಗಲಿಲ್ಲ. “ಏನು?”

“ಫೆಬ್ರವರಿಯಿಂದ ಹಾಕ್ದೆ. ನೀನು ಅವಳಿಗೆ ಹೊಡೆದ ಮೇಲೆ ನಿಲ್ಲಿಸ್ದೆ. ಹೇಳ್ಲಿಲ್ಲ.”

ಅನು ಕಿರುಚಬಹುದು, ಹೊರಗೆ ನಡಿ ಎನ್ನಬಹುದು ಎಂದು ಅವಳು ಸಿದ್ಧವಾಗಿ ಬಂದಿದ್ದಳು. ಅನು ಎರಡನ್ನೂ ಮಾಡಲಿಲ್ಲ. ಫ್ರಿಜ್ಜಿನ ಮೇಲಿದ್ದ ನೋಟ್‌ಬುಕ್ ತೆಗೆದು, ಊಟದ ಮೇಜಿನ ಮೇಲೆ ಬಿಚ್ಚಿ, ಪೆನ್ನು ಹಿಡಿದು ಕುಳಿತಳು. ಅವಳ ದನಿ ತಣ್ಣಗಿತ್ತು.

“ಫೆಬ್ರವರಿ ಯಾವ ಶನಿವಾರ?”

“ಎರಡನೇದು ಇರಬೇಕು.”

“ಎಷ್ಟು ಚಮಚ?”

“ಎರಡು.”

“ಟೀ ಚಮಚಾನಾ, ಊಟದ್ದಾ?”

“ಊಟದ್ದು.”

“ಮೂರನೇ ಶನಿವಾರ?”

ಹೀಗೇ ಪುಟ ಪುಟ ತಿರುಗಿಸುತ್ತ ಅನು ಕೇಳಿದಳು, ವರಲಕ್ಷ್ಮಿ ಮೇಜಿನ ಎದುರು ನಿಂತು ಹೇಳಿದಳು. ಎರಡು, ಮೂರು, ನಾಲ್ಕು, ಕಾಲು ಕಪ್ಪು, ಅರ್ಧ ಕಪ್ಪು. ಪ್ರತಿ ಸಂಖ್ಯೆಯ ಪಕ್ಕದಲ್ಲಿ ಆ ದಿನದ ರೀಡಿಂಗ್ ಇತ್ತು. ಒಂದು ಕಡೆ ಅನು ಕೆಂಪು ಪೆನ್ನಿನಲ್ಲಿ ‘ಮತ್ತೆ ಸುಳ್ಳು ಹೇಳಿದಳು’ ಎಂದು ಬರೆದಿದ್ದು ಮೇಜಿನ ಈ ಬದಿಯಿಂದಲೂ ಕಾಣುತ್ತಿತ್ತು. ತನ್ನನ್ನು ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ವರಲಕ್ಷ್ಮಿಗೆ ಅನ್ನಿಸಿತು. ಅರ್ಧ ಕಪ್ಪು ಎಂದು ಮೂರನೇ ಸಲ ಹೇಳುವಾಗ ಅವಳ ದನಿ ಒಡೆಯಿತು.

“ಅಳಬೇಡಿ,” ಎಂದಳು ಅನು. “ನೀವು ಅತ್ರೆ ನಾನು ನಿಮ್ಮನ್ನ ಸಮಾಧಾನ ಮಾಡಬೇಕಾಗುತ್ತೆ. ನನ್ ಕೈಲಿ ಆಗಲ್ಲ.”

ವರಲಕ್ಷ್ಮಿ ಸೆರಗು ಬಾಯಿಗೊತ್ತಿ ಅಳು ನುಂಗಿದಳು.

“ಯಾಕೆ ಹಾಕಿದ್ರಿ?”

“ಚೆನ್ನಾಗಿಲ್ಲ ಅಂದ್ಲು. ಚೆನ್ನಾಗಿದೆ ಅನ್ನಿಸ್ಕೋಬೇಕು ಅಂತ…”

ಅನು ಅವಳನ್ನು ನೋಡಿದಳು. ಆಮೇಲೆ ಅನು ಕೋಣೆಯ ಕಡೆ ತಿರುಗಿ ಕರೆದಳು. “ಇಂಚರ, ಬಾ ಇಲ್ಲಿ.” ವರಲಕ್ಷ್ಮಿಗೆ, “ಅವಳಿಗೆ ನೀವೇ ಹೇಳಿ,” ಎಂದಳು.

ಇಂಚರ ಪೆನ್ಸಿಲು ಹಿಡಿದುಕೊಂಡೇ ಬಂದಳು. ವರಲಕ್ಷ್ಮಿಯನ್ನು ಕಂಡು ಬಾಗಿಲ ಹತ್ತಿರವೇ ನಿಂತಳು. ದೊಡ್ಡವರ ಮುಂದೆ ಹೇಳಿದ್ದಕ್ಕಿಂತ ಆ ಮಗುವಿನ ಮುಂದೆ ಹೇಳುವುದು ನೂರು ಪಾಲು ಕಷ್ಟವಾಯಿತು. ವರಲಕ್ಷ್ಮಿ ನೆಲದ ಮೇಲೆ ಮೊಣಕಾಲೂರಿ ಕುಳಿತಳು.

“ಪುಟ್ಟಿ, ನಿನ್ ಶುಗರ್ ಜಾಸ್ತಿ ಆಗಿದ್ದು ನನ್ನಿಂದ. ಕೇಕಲ್ಲಿ ನಾನು ಸಕ್ಕರೆ ಹಾಕಿದ್ದೆ. ಅಮ್ಮ ಹೊಡೆದಾಗ ನಂಗೆ ಗೊತ್ತಿತ್ತು. ಭಯ ಆಯ್ತು, ಹೇಳ್ಲಿಲ್ಲ. ನೀನು ಏನೂ ತಪ್ಪು ಮಾಡಿಲ್ಲ.”

ಇಂಚರ ಮೊದಲು ತಾಯಿಯನ್ನು ನೋಡಿದಳು, ಆಮೇಲೆ ಅವಳನ್ನು.

“ಹಂಗಾದ್ರೆ ನಾನು ತಿಂದಿರ್ಲಿಲ್ಲ ಅಲ್ವಾ?” ಎಂದು ಕೇಳಿದಳು, ನಿಜವಾಗಿಯೂ ಗೊತ್ತಿಲ್ಲದವಳಂತೆ. “ನಾನು ನಿದ್ದೇಲಿ ಎದ್ದು ತಿಂತೀನೇನೋ ಅಂತ ಅಂದ್ಕೊಂಡಿದ್ದೆ.”

ಅನುವಿನ ಬಾಯಿಂದ ಒಂದು ವಿಚಿತ್ರ ಶಬ್ದ ಬಂತು. ಅವಳು ಎದ್ದು ಮಗಳನ್ನು ಎಳೆದು ತಬ್ಬಿಕೊಂಡು, ತಾನು ಹೊಡೆದಿದ್ದ ಕೆನ್ನೆಯನ್ನು ಅಂಗೈಯಿಂದ ಸವರುತ್ತ, “ಇಲ್ಲ ಕಂದ, ಇಲ್ಲ, ನೀನು ತಿಂದಿರ್ಲಿಲ್ಲ,” ಎಂದು ಹೇಳುತ್ತಲೇ ಇದ್ದಳು. ಮಗಳ ಭುಜದ ಮೇಲಿಂದ ಅವಳು ವರಲಕ್ಷ್ಮಿಗೆ ಹೇಳಿದಳು. “ನೀವು ಹೊರಡಿ ಆಂಟಿ. ದಯವಿಟ್ಟು ಹೊರಡಿ.”

ಮನೆಗೆ ಬಂದವಳೇ ವರಲಕ್ಷ್ಮಿ ಲೇಡೀಸ್ ಗ್ರೂಪಿಗೆ ಒಂದು ಮೆಸೇಜು ಹಾಕಿದಳು. ಮುರುಗೇಶ್ ಬೇಡವೆಂದರೂ ಕೇಳಲಿಲ್ಲ. ಗಣೇಶನ ಹಬ್ಬದಿಂದ ತನ್ನ ಕೇಕಿನಲ್ಲಿ ಸಕ್ಕರೆ ಇತ್ತು, ಇಲ್ಲವೆಂದು ಸುಳ್ಳು ಹೇಳಿದ್ದೆ, ಶುಗರ್ ಇರುವವರು ಡಾಕ್ಟರಿಗೆ ತಿಳಿಸಿ, ಇನ್ನು ಮಾಡುವುದಿಲ್ಲ, ಎಲ್ಲರೂ ಕ್ಷಮಿಸಿ ಎಂದು. ಇಂಚರಳ ಹೆಸರು ಬರೆಯಲಿಲ್ಲ. ಕೆಲವರು ಬೈದರು, ಒಬ್ಬ ಹೆಂಗಸು ತನ್ನ ಅಪ್ಪನಿಗೆ ಆರು ತಿಂಗಳು ಕೊಟ್ಟಿದ್ದೆ ಎಂದು ಬರೆದು ಗ್ರೂಪು ಬಿಟ್ಟಳು. ಆದರೆ ಅವಳನ್ನು ಹೆಚ್ಚು ಕುಗ್ಗಿಸಿದ್ದು ಇನ್ನೊಂದು ಬಗೆಯವರು. “ಪರವಾಗಿಲ್ಲ ಆಂಟಿ, ನಮ್ಮನೇಲಿ ಯಾರಿಗೂ ಶುಗರಿಲ್ಲ, ಈ ಶನಿವಾರ ಒಂದ್ ಕೆಜಿ ಕಳ್ಸಿ” ಎಂದು ಮೂರು ಜನ ಕೇಳಿದ್ದರು. ಜೊತೆಗೆ ನಗುವ ಮುಖ.

ಅವಳು ಓವನ್ನಿಗೆ ಬಟ್ಟೆ ಮುಚ್ಚಿದಳು. ಮಾರ್ಕೆಟ್ಟಿಗೆ ಹೋಗುವಾಗ ಸುತ್ತು ಬಳಸಿನ ದಾರಿ ಹಿಡಿದಳು. ಎದುರಿಗೆ ಸಿಕ್ಕವರು ಮಾತಾಡಿಸಿದರೂ, ಮಾತಾಡಿಸದಿದ್ದರೂ ಅವಳಿಗೆ ಮುಖ ಎತ್ತಲಾಗುತ್ತಿರಲಿಲ್ಲ. ಒಂದು ಸಲ ವಿಜಯನಗರ ಬಸ್‌ಸ್ಟ್ಯಾಂಡಿನಲ್ಲಿ ಯೂನಿಫಾರ್ಮ್ ತೊಟ್ಟ ಇಂಚರಳನ್ನು ದೂರದಿಂದ ಕಂಡು, ಹತ್ತಬೇಕಿದ್ದ ಬಸ್ಸನ್ನು ಬಿಟ್ಟು ಕಂಬದ ಹಿಂದೆ ನಿಂತುಕೊಂಡಳು.

ಅಕ್ಟೋಬರ್‌ನಲ್ಲಿ ಅನುವಿನ ಫೋನು ಬಂತು.

“ಭಾನುವಾರ ಇಂಚರಂಗೆ ಹತ್ತು ತುಂಬುತ್ತೆ. ಹಣ್ಣಿನ ಕೇಕ್ ಬೇಕಂತೆ. ನಾನು ಎರಡು ಸಲ ಟ್ರೈ ಮಾಡ್ದೆ, ಬರ್ಲಿಲ್ಲ. ನೀವು ನಮ್ಮನೆಗೆ ಬಂದು ಮಾಡ್ಬೇಕು. ನಾನು ಪಕ್ಕದಲ್ಲೇ ಇರ್ತೀನಿ.”

“ಬರ್ತೀನಮ್ಮ.”

“ನಾನು ಮರ್ತಿದೀನಿ ಅಂತ ಅಂದ್ಕೋಬೇಡಿ. ಅವಳು ಕೇಳಿದ್ಲು, ಅದಕ್ಕೆ.”

“ಗೊತ್ತು.”

ಭಾನುವಾರ ಬೆಳಿಗ್ಗೆ ಅವಳು ಬರಿಗೈಯಲ್ಲಿ ಹೋದಳು. ಏನನ್ನಾದರೂ ಒಯ್ದರೆ ಅದರಲ್ಲಿ ಏನಿದೆಯೋ ಎಂದು ಅನು ಯೋಚಿಸಬೇಕಾಗುತ್ತದೆ ಎಂದು ಚೀಲವನ್ನೂ ಮನೆಯಲ್ಲೇ ಬಿಟ್ಟಿದ್ದಳು. ಅನು ಎಲ್ಲವನ್ನೂ ತಾನೇ ತಂದಿಟ್ಟಿದ್ದಳು. ವರಲಕ್ಷ್ಮಿ ಹೇಳುತ್ತ ಹೋದಳು. ಅನು ತೂಕದ ಯಂತ್ರದ ಮೇಲೆ ಬಟ್ಟಲಿಟ್ಟು ಒಂದೊಂದನ್ನೇ ತೂಗಿ, ಬರೆದುಕೊಂಡು, ಆಮೇಲೆ ಅವಳ ಕೈಗೆ ಕೊಟ್ಟಳು. ಗೋಧಿಹಿಟ್ಟನ್ನು ಕೂಡ ಕೊಡುವ ಮೊದಲು ಒಂದು ಚಿಟಿಕೆ ನಾಲಿಗೆಗೆ ಹಚ್ಚಿ ನೋಡಿದಳು. ತಾನೇ ತಂದ ಹಿಟ್ಟು. ವರಲಕ್ಷ್ಮಿಗೆ ಕಿವಿಯವರೆಗೂ ಬಿಸಿಯಾಯಿತು. ಆದರೂ ತಾನು ಅವಳ ಜಾಗದಲ್ಲಿದ್ದಿದ್ದರೂ ಹಾಗೇ ಮಾಡುತ್ತಿದ್ದೆ ಎಂದು ಅನ್ನಿಸಿತು.

“ಬಾಳೆಹಣ್ಣು ಇನ್ನೂ ಹಣ್ಣಾಗ್ಬೇಕಿತ್ತು,” ಎಂದಳು. “ಓವನ್ನಲ್ಲಿ ಸಿಪ್ಪೆ ಸಮೇತ ಇಟ್ರೆ ಕಪ್ಪಾಗುತ್ತೆ, ಸಿಹಿ ಬಿಟ್ಕೊಳ್ಳುತ್ತೆ. ಖರ್ಜೂರ ರುಬ್ಬವಾಗ ನಾಲ್ಕು ಒಣದ್ರಾಕ್ಷಿ ಸೇರ್ಸು, ಒದ್ದೆ ಒದ್ದೆ ಅನ್ನಿಸಲ್ಲ. ಅದನ್ನೂ ತೂಕ ಹಾಕ್ಕೋ.”

ಗಣೇಶನ ಹಬ್ಬದ ದಿನ ಇಷ್ಟು ತಾಳ್ಮೆ ಇದ್ದಿದ್ದರೆ, ದೋರೆ ಹಣ್ಣನ್ನು ಅರ್ಧ ಗಂಟೆ ಓವನ್ನಿನಲ್ಲಿ ಇಟ್ಟಿದ್ದರೆ ಸಾಕಿತ್ತು. ಆ ವಿದ್ಯೆ ಅವಳಿಗೆ ಆಗಲೂ ಗೊತ್ತಿತ್ತು.

ಕೇಕು ಚೆನ್ನಾಗಿ ಬಂತು. ಮಧ್ಯಾಹ್ನ ಮಕ್ಕಳು ಬಂದರು, ಹಾಡಿದರು, ಕತ್ತರಿಸಿದರು. ವರಲಕ್ಷ್ಮಿ ಮಕ್ಕಳಿದ್ದ ಕೋಣೆಗೆ ಹೋಗಲಿಲ್ಲ. ಅಡುಗೆಮನೆಯಲ್ಲಿ ಟಿನ್ನು, ಬಟ್ಟಲು ತೊಳೆಯುತ್ತ ನಿಂತಳು. ಹೊರಗೆ ಯಾರೋ ಮಗುವಿನ ತಾಯಿ, “ಅನು, ಯಾವ ಬೇಕರಿಯಿಂದ ತರಿಸಿದ್ರಿ?” ಎಂದು ಕೇಳಿದ್ದು ಕೇಳಿಸಿತು. “ಮನೇಲೇ ಮಾಡಿದ್ವಿ,” ಎಂದಳು ಅನು.

ಸ್ವಲ್ಪ ಹೊತ್ತಿಗೆ ಇಂಚರ ಒಂದು ತಟ್ಟೆ ಹಿಡಿದು ಒಳಗೆ ಬಂದಳು. ಎತ್ತರವಾಗಿದ್ದಳು. ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, ಸ್ವಲ್ಪ ದೂರದಲ್ಲಿ ನಿಂತಳು.

“ನೀವೂ ತಿನ್ನಿ ಆಂಟಿ.”

“ಹೆಂಗಿದೆ ಪುಟ್ಟಿ? ನಿಜ ಹೇಳು.”

ಇಂಚರ ಯೋಚಿಸಿದಳು. “ಪರವಾಗಿಲ್ಲ,” ಎಂದಳು. “ತುಂಬಾ ಸೂಪರ್ ಏನಿಲ್ಲ.”

“ಸರಿ,” ಎಂದಳು ವರಲಕ್ಷ್ಮಿ.

ಮಗು ಓಡಿಹೋಯಿತು. ಅವಳು ಕೈ ಒರೆಸಿಕೊಂಡು, ನಿಂತಲ್ಲೇ ಆ ತುಂಡನ್ನು ಪೂರ್ತಿ ತಿಂದಳು. ಆಮೇಲೆ ತಟ್ಟೆಯನ್ನೂ ತೊಳೆದಿಟ್ಟು, ಅನುವಿಗೆ ಹೊರಡುತ್ತೇನೆಂದು ಹೇಳಿ, ಹಿಂದಿನ ಬಾಗಿಲ ಮೆಟ್ಟಿಲಿಳಿದು ರಸ್ತೆಗೆ ಬಂದಳು.